ನೆರಳಿನ ಜಮಾ-ಖರ್ಚು



ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕುತ್ತವೆ. ಕಲಬುರಗಿ ವಿಭಾಗದ ಜಿಲ್ಲೆಗಳಿಗೂ ವಿಜಯಪುರ, ಬಾಗಲಕೋಟೆಗಳಿಗೂ ಸರ್ಕಾರ ಬೇಸಿಗೆಗೆಂದೇ ಹೊರಡಿಸುವ ಆದೇಶ ಅದು. ಬೆಂಗಳೂರಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ. ಬಿಸಿಲು ಎಂಬುದು ಇಲ್ಲಿ ಹವಾಮಾನದ ಸುದ್ದಿಯಲ್ಲ, ಆಡಳಿತದ ವಿಷಯ ಎಂದು ಸರ್ಕಾರವೇ ಬರೆದುಕೊಟ್ಟ ಕಾಗದ ಅದು. ಆದರೆ ಕಚೇರಿ ಬಾಗಿಲು ಹಾಕಿದ ಮೇಲೂ ಸೇಡಂ ಬಸ್ ನಿಲ್ದಾಣದ ಎದುರು ಟಂಟಂ ಆಟೊ ಕಾಯುವವರಿರುತ್ತಾರೆ. ಚಿತ್ತಾಪುರದ ಸಂತೆಯಲ್ಲಿ ಸೊಪ್ಪು ಹರಡಿಕೊಂಡು ಕುಳಿತ ಅಮ್ಮಂದಿರು ಇರುತ್ತಾರೆ. ಶಹಾಬಾದದ ಖಣಿಯಿಂದ ಫರಸಿ ಕಲ್ಲು ತುಂಬಿಕೊಂಡು ಬಂದ ಲಾರಿಯ ಹಮಾಲಿಗಳು ಇರುತ್ತಾರೆ. ಎಂಟರಿಂದ ಒಂದೂವರೆ ಎಂಬ ಆದೇಶ ಇವರಿಗೆ ಅನ್ವಯಿಸುವುದಿಲ್ಲ. ಇವರಿಗೆ ಅನ್ವಯಿಸಬಹುದಾದ ಒಂದೇ ಸರ್ಕಾರಿ ಸೌಲಭ್ಯವೆಂದರೆ ಬೀದಿಯ ಮರ.

ಹಾಗಾಗಿ ಇವತ್ತು ನಾನು ಮರದ ಮಹಿಮೆ ಹಾಡಲು ಬಂದಿಲ್ಲ. ಆ ಕೆಲಸವನ್ನು ಪ್ರತಿವರ್ಷ ಜೂನ್ 5ರ ಪರಿಸರ ದಿನಕ್ಕೆ ಎಲ್ಲರೂ ಮಾಡುತ್ತಾರೆ. ನಮ್ಮ ಈ ಐದು ಊರುಗಳಲ್ಲಿ, ಎಂದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲಿ, ಬೀದಿಗೆ ಒಂದು ಮರ ನೆಡುವುದರಿಂದ ಏನು ಸಿಗುತ್ತದೆ, ಏನು ಹೋಗುತ್ತದೆ, ಸಿಗುವುದು ಯಾರಿಗೆ, ಹೋಗುವುದು ಯಾರದು ಎಂದು ಖಾತೆ ತೆರೆದು ನೋಡುವುದಷ್ಟೇ ನನ್ನ ಉದ್ದೇಶ.

ಮರಕ್ಕೆ ಬೆಲೆ ಕಟ್ಟುವ ಪ್ರಯತ್ನಗಳು ಬೇಕಾದಷ್ಟು ನಡೆದಿವೆ. ಪಶ್ಚಿಮ ಬಂಗಾಳದ ಜೆಸ್ಸೂರ್ ರಸ್ತೆಯಲ್ಲಿ ರೈಲ್ವೆ ಮೇಲ್ಸೇತುವೆಗಳಿಗಾಗಿ 356 ಮರ ಕಡಿಯಬೇಕೆಂಬ ವಿವಾದ ಸುಪ್ರೀಂ ಕೋರ್ಟಿಗೆ ಹೋದಾಗ, ಕೋರ್ಟು ನೇಮಿಸಿದ ತಜ್ಞರ ಸಮಿತಿ ಒಂದು ಸೂತ್ರ ಕೊಟ್ಟಿತು: ಮರದ ವಯಸ್ಸನ್ನು 74,500 ರೂಪಾಯಿಯಿಂದ ಗುಣಿಸಿ. 2021ರಲ್ಲಿ ಈ ಅಂಕಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಈಗಲೂ ನಮ್ಮ ಶಾಲೆಗಳ ಭಾಷಣ ಸ್ಪರ್ಧೆಯಲ್ಲಿ ಮಕ್ಕಳು ಅದನ್ನು ಬಾಯಿಪಾಠ ಒಪ್ಪಿಸುತ್ತಾರೆ. ಆ 74,500ರ ಒಳಗೆ ಏನಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಅದರಲ್ಲಿ 45,000 ಬರಿ ಆಮ್ಲಜನಕದ ಬೆಲೆ, 20,000 ಗೊಬ್ಬರದ ಬೆಲೆ. ವಾಡಿಯ ಬೀದಿಯಲ್ಲಿ ಆಮ್ಲಜನಕದ ಕೊರತೆ ಯಾವತ್ತೂ ಬಿದ್ದಿಲ್ಲ; ಗಾಳಿಯಲ್ಲಿ ಐದರಲ್ಲಿ ಒಂದು ಪಾಲು ಅದೇ ಇದೆ. ಇನ್ನು ಗೊಬ್ಬರ. ಡಾಂಬರು ರಸ್ತೆಯ ಮೇಲೆ ಉದುರಿದ ಎಲೆ ಯಾರ ಹೊಲಕ್ಕೂ ಹೋಗುವುದಿಲ್ಲ, ಪುರಸಭೆಯ ಕಸದ ಗಾಡಿಗೆ ಹೋಗುತ್ತದೆ. ಜಮಾ ಎಂದು ಬರೆದದ್ದು ನಮ್ಮ ಊರಿಗೆ ಬರುವ ಹೊತ್ತಿಗೆ ಖರ್ಚಿನ ಕಡೆ ಕುಳಿತಿರುತ್ತದೆ. ಇನ್ನೊಂದು ಮಾತು. ಸಮಿತಿಯ ಸೂತ್ರದಂತೆ ಆ ಮರಗಳ ಬೆಲೆ ಸುಮಾರು 220 ಕೋಟಿ ರೂಪಾಯಿ. 2023ರಲ್ಲಿ ಅದೇ ಕೋರ್ಟು ಅವನ್ನು ಕಡಿಯಲು ಅನುಮತಿ ಕೊಟ್ಟಿತು. ದೊಡ್ಡ ಅಂಕಿ ಬರೆದ ಮಾತ್ರಕ್ಕೆ ಮರ ಉಳಿಯುವುದಿಲ್ಲ.

ಹೊರದೇಶದ ಲೆಕ್ಕ ಇನ್ನೂ ಶಿಸ್ತಿನದು. ನ್ಯೂಯಾರ್ಕ್ ನಗರ ತನ್ನ ಸುಮಾರು 5.9 ಲಕ್ಷ ಬೀದಿ ಮರಗಳನ್ನು ಒಂದೊಂದಾಗಿ ಎಣಿಸಿತು. ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿಗಳು 2007ರಲ್ಲಿ ಲೆಕ್ಕ ಹಾಕಿ, ಮರಕ್ಕೆ ಖರ್ಚು ಮಾಡಿದ ಪ್ರತಿ ಒಂದು ಡಾಲರಿಗೆ 5.60 ಡಾಲರಿನ ಪ್ರಯೋಜನ ಬರುತ್ತದೆ ಎಂದರು. ಒಟ್ಟು ಪ್ರಯೋಜನ ವರ್ಷಕ್ಕೆ ಸುಮಾರು 12.2 ಕೋಟಿ ಡಾಲರ್. ಅದರಲ್ಲಿ 5 ಕೋಟಿಗೂ ಹೆಚ್ಚು ಬಂದದ್ದು ಎಲ್ಲಿಂದ? ಮರವಿರುವ ಬೀದಿಯಲ್ಲಿ ಮನೆಯ ಬೆಲೆ ಏರುತ್ತದೆ ಎಂಬುದರಿಂದ. ಮಿಕ್ಕದ್ದರಲ್ಲಿ ದೊಡ್ಡ ಪಾಲು ಮಳೆನೀರು ಚರಂಡಿಗೆ ಒಮ್ಮೆಲೇ ನುಗ್ಗದಂತೆ ತಡೆಯುವುದರಿಂದ, ಮನೆ ತಂಪು ಮಾಡುವ, ಬೆಚ್ಚಗಿಡುವ ಇಂಧನದ ಉಳಿತಾಯದಿಂದ. ನಮ್ಮಲ್ಲಿ ಮುಂದೆ ಮರವಿದ್ದರೆ ಅಂಗಡಿಯ ಬಾಡಿಗೆ ಏರುವುದಿರಲಿ, ಬೋರ್ಡು ಕಾಣುವುದಿಲ್ಲವೆಂದು ಇಳಿದರೂ ಇಳಿದೀತು. ಆ ಲೆಕ್ಕ ಅಲ್ಲಿಗೆ ಸರಿ. ಅದನ್ನು ಹಾಗೇ ಎತ್ತಿ ತಂದು ಸೇಡಂ ಪುರಸಭೆಯ ಬಜೆಟ್ ಪುಸ್ತಕಕ್ಕೆ ಅಂಟಿಸಲಾಗದು.

ಹಾಗಾದರೆ ಇಂಗಾಲ? ಇಲ್ಲಿ ಸ್ವಲ್ಪ ನಿಷ್ಠುರವಾಗಿ ಮಾತಾಡುತ್ತೇನೆ. ನಮ್ಮದು ಸಿಮೆಂಟಿನ ನಾಡು. ಶಹಾಬಾದದಲ್ಲಿ ಸ್ವಾತಂತ್ರ್ಯಕ್ಕೆ ಮೊದಲೇ ಸಿಮೆಂಟ್ ಬಂತು; 1968ರಲ್ಲಿ ವಾಡಿಯಲ್ಲಿ ಎಸಿಸಿ ಕಾರ್ಖಾನೆ ಶುರುವಾಯಿತು; 1980ರ ದಶಕದಲ್ಲಿ ಸೇಡಂ, ಮಳಖೇಡಗಳಲ್ಲಿ ಗೂಡುಗಳು ಎದ್ದವು; ಆಮೇಲೆ ಚಿತ್ತಾಪುರ, ಚಿಂಚೋಳಿ ತಾಲ್ಲೂಕಿನ ಹಳ್ಳಿಗಳಿಗೂ ಹಬ್ಬಿದವು. ಒಂದು ಟನ್ ಸಿಮೆಂಟ್ ತಯಾರಾಗುವಾಗ ಸರಾಸರಿ 600 ಕೆಜಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಕಲ್ಲಿದ್ದಲಿನಿಂದಲ್ಲ, ಸುಟ್ಟಾಗ ಒಡೆಯುವ ಸುಣ್ಣದಕಲ್ಲಿನ ಒಡಲಿನಿಂದಲೇ. ಒಂದು ಬೀದಿ ಮರ ವರ್ಷಕ್ಕೆ 20 ಕೆಜಿ ಹೀರುತ್ತದೆ ಎಂದು ಉದಾರವಾಗಿಯೇ ಹಿಡಿಯೋಣ. ಆಗ ಒಂದು ಟನ್ ಸಿಮೆಂಟಿಗೆ 30 ಮರಗಳ ಒಂದು ವರ್ಷದ ದುಡಿಮೆ ಬೇಕು. ವರ್ಷಕ್ಕೆ 10 ಲಕ್ಷ ಟನ್ ಮಾಡುವ ಒಂದು ಗೂಡಿನ ಬಾಕಿ ತೀರಿಸಲು ಮೂರು ಕೋಟಿ ಮರ ಬೇಕು. ನಮ್ಮ ಭಾಗದ ಕಾರ್ಖಾನೆಗಳು ಅದಕ್ಕಿಂತ ದೊಡ್ಡವು. ಆದ್ದರಿಂದ ಹವಾಮಾನ ಬದಲಾವಣೆ ತಡೆಯಲು ಎಂದು ಬ್ಯಾನರ್ ಕಟ್ಟಿ ಶಹಾಬಾದದ ಮುಖ್ಯ ರಸ್ತೆಯಲ್ಲಿ ನೂರು ಸಸಿ ನೆಟ್ಟರೆ ನನಗೆ ಬೇಸರವಾಗುತ್ತದೆ. ಸಸಿಯ ಮೇಲೆ ಅದು ಹೊರಲಾರದ ಹೊರೆ ಹೊರಿಸಿದಂತೆ. ಆ ಬಾಕಿ ತೀರಬೇಕಾದದ್ದು ಗೂಡಿನ ಒಳಗೆ.

ಧೂಳಿನ ಮಾತು ಸ್ವಲ್ಪ ಬೇರೆ. ಎಲೆಗಳು ಧೂಳು ಹಿಡಿಯುತ್ತವೆ, ಅದು ಸುಳ್ಳಲ್ಲ. ಒರಟು ಎಲೆ ಹೆಚ್ಚು ಹಿಡಿಯುತ್ತದೆ, ನುಣುಪು ಎಲೆ ಕಡಿಮೆ. ಆದರೆ ವಾಡಿಯಲ್ಲಿ ಬಲ್ಕರ್ ಲಾರಿಗಳು ಓಡಾಡುವ ರಸ್ತೆಯ ಪಕ್ಕದ ಒಂದು ಎಲೆಯನ್ನು ಕಿತ್ತು ಬೆರಳಿನಿಂದ ಉಜ್ಜಿ ನೋಡಿ. ಬೂದು ಪುಡಿ ಒಣಗಿದ ಹಿಟ್ಟಿನಂತೆ ಕೂತಿರುತ್ತದೆ. ಇಬ್ಬನಿ ಬಿದ್ದ ಕಡೆ ಗಟ್ಟಿಯಾಗಿ ಪದರ ಕಟ್ಟಿರುತ್ತದೆ. ಎಲೆಯ ಉಸಿರಾಟದ ರಂಧ್ರಗಳು ಮುಚ್ಚಿ, ಬೆಳಕು ತಾಗದೆ ಮರ ಸೊರಗುತ್ತದೆ. ಮಳೆ ಬಂದು ತೊಳೆಯುವವರೆಗೆ, ಅಂದರೆ ಹೆಚ್ಚುಕಡಿಮೆ ಏಳು ತಿಂಗಳು, ಅದು ಹಾಗೇ ಇರುತ್ತದೆ. ಇನ್ನು ಇಕ್ಕಟ್ಟಾದ ಓಣಿಯಲ್ಲಿ ಮೇಲಿಂದ ಒತ್ತಾಗಿ ಕವಿದ ಮರಗಳು ವಾಹನದ ಹೊಗೆಯನ್ನು ಹೊರಗೆ ಹೋಗಗೊಡದೆ ಕೆಳಗೇ ಹಿಡಿದಿಡುತ್ತವೆ ಎಂದು ಯುರೋಪಿನ ಅಧ್ಯಯನಗಳು ತೋರಿಸಿವೆ. ಹಾಗಾಗಿ ಧೂಳಿನ ಹೆಸರಿನಲ್ಲಿ ಜಮಾ ಕಡೆ ಸ್ವಲ್ಪವೇ ಬರೆಯೋಣ. ಲಾರಿಗೆ ತಾಡಪತ್ರಿ ಕಟ್ಟಿಸುವುದು, ರಸ್ತೆಗೆ ನೀರು ಹೊಡೆಸುವುದು ಅದಕ್ಕಿಂತ ಬೇಗ ಫಲ ಕೊಡುತ್ತದೆ.

ಇಷ್ಟೆಲ್ಲ ಕಳೆದ ಮೇಲೆ ಉಳಿಯುವುದು ನೆರಳು. ನನ್ನ ಲೆಕ್ಕದಲ್ಲಿ ಅದೊಂದೇ ಸಾಕು.

ಬೆಂಗಳೂರಿನ ಬೀದಿಗಳಲ್ಲಿ ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಮಾಡಿದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಮರವಿರುವ ರಸ್ತೆಯ ತುಂಡನ್ನೂ ಇಲ್ಲದ ತುಂಡನ್ನೂ ಹೋಲಿಸಿ ಮಧ್ಯಾಹ್ನದ ಹೊತ್ತು ಅಳೆದಾಗ, ಮರದ ಕೆಳಗೆ ಗಾಳಿ 5.6 ಡಿಗ್ರಿಯಷ್ಟು ತಂಪಾಗಿತ್ತು, ರಸ್ತೆಯ ಮೈ 27.5 ಡಿಗ್ರಿಯಷ್ಟು ತಂಪಾಗಿತ್ತು. ಎರಡನೆಯ ಅಂಕಿ ನಮಗೆ ಮುಖ್ಯ. ಬಿಸಿಲಲ್ಲಿ ನಿಂತವನನ್ನು ಸುಡುವುದು ಗಾಳಿ ಮಾತ್ರವಲ್ಲ. ತಲೆಯ ಮೇಲಿನ ಸೂರ್ಯ ಒಂದು, ಕಾಲ ಕೆಳಗಿನ ನೆಲ ಇನ್ನೊಂದು. ನಮ್ಮಲ್ಲಿ ನೆಲಕ್ಕೆ ಫರಸಿ, ಗೋಡೆಗೆ ಫರಸಿ, ಹಳೆಯ ಮನೆಗಳಲ್ಲಿ ಮಾಳಿಗೆಗೂ ಫರಸಿ. ಹಗಲೆಲ್ಲ ಕುಡಿದ ಶಾಖವನ್ನು ಕಲ್ಲು ರಾತ್ರಿ ಹತ್ತರವರೆಗೂ ಉಗುಳುತ್ತದೆ. ಬೆಂಗಳೂರಿನಲ್ಲಿ ಅಷ್ಟು ವ್ಯತ್ಯಾಸವಾದರೆ 43 ಡಿಗ್ರಿಯ ಶಹಾಬಾದದಲ್ಲಿ ಅದರ ಬೆಲೆ ಎಷ್ಟೆಂದು ಬಿಸಿಲಲ್ಲಿ ನಿಂತವರಿಗೇ ಗೊತ್ತು.

ತಹಶೀಲ್ ಕಚೇರಿಗಳ ಆವರಣದಲ್ಲಿ ಅರ್ಜಿ ಬರೆಯುವವರನ್ನು ನೀವು ನೋಡಿರುತ್ತೀರಿ. ನಮ್ಮ ಭಾಗದ ಒಂದು ಊರಿನಲ್ಲಿ ಹಳೆಯ ಬೇವಿನ ಗಿಡದ ಕೆಳಗೆ ಅಂಥ ಮೂವರು ಕೂಡುತ್ತಾರೆ. ಬೆಳಿಗ್ಗೆ ಅವರ ಮೇಜುಗಳು ಗಿಡದ ಪಡುವಣ ಕಡೆ ಇರುತ್ತವೆ. ಹನ್ನೊಂದಕ್ಕೆ ಬುಡದ ಕಟ್ಟಿಗೆ ಒತ್ತಿಕೊಳ್ಳುತ್ತವೆ. ಮಧ್ಯಾಹ್ನ ದಾಟಿದ ಮೇಲೆ ಮೂಡಣ ಕಡೆಗೆ, ಹಾದಿಗೆ ಅಡ್ಡ ಬರುವಷ್ಟು ದೂರ ಸರಿಯುತ್ತವೆ. ಫಾರಂ, ಸ್ಟ್ಯಾಂಪ್ ಪ್ಯಾಡ್, ನೀರಿನ ಬಾಟಲಿ, ಗಿರಾಕಿಯ ಕುರ್ಚಿ ಎಲ್ಲವೂ ಜೊತೆಗೆ. ಒಬ್ಬರನ್ನು ಕೇಳಿದೆ: ಇಷ್ಟು ಎಳೆದಾಡುವ ಬದಲು ತಗಡಿನ ಶೆಡ್ ಹಾಕಿಸಿಕೊಳ್ಳಬಾರದೆ ಎಂದು. "ತಗಡಿನ ಬುಡಕ ಕುಂತ್ರ ಒಲಿ ಮುಂದ ಕುಂತಂಗ ಆಗ್ತದ್ರಿ ಸರ್. ಅರ್ಜಿ ಬರಸಾಕ ಬಂದೋರು ಹೆಸರು ಹೇಳೂತನಕಾನೂ ನಿಂದ್ರಂಗಿಲ್ಲ" ಅಂದರು. ತಗಡು ಬಿಸಿಲನ್ನು ತಡೆದು ತಾನೇ ಕಾದು ಕೆಳಗೆ ಸೂಸುತ್ತದೆ. ಎಲೆ ನೀರು ಆವಿ ಮಾಡಿಕೊಂಡು ತಾನು ತಣ್ಣಗಿರುತ್ತದೆ. ಒಣಹವೆಯಲ್ಲಿ ಈ ಆವಿಯ ಕೆಲಸ ಕರಾವಳಿಯಲ್ಲಿ ನಡೆಯುವುದಕ್ಕಿಂತ ಚೆನ್ನಾಗಿ ನಡೆಯುತ್ತದೆ. ಬೇರಿಗೆ ನೀರು ಸಿಗಬೇಕು, ಅಷ್ಟೇ.

ಆ ಬೇವಿನ ಕೊಂಬೆಗಳು ಹತ್ತು ಮೀಟರ್ ಅಗಲಕ್ಕೆ ಹರಡಿವೆ ಎಂದುಕೊಳ್ಳಿ. ಸುಮಾರು 78 ಚದರ ಮೀಟರ್ ನೆರಳು. ಐವತ್ತು ಜನ ಆರಾಮವಾಗಿ ನಿಲ್ಲಬಹುದು. ಹೊಸ ಸಸಿ ಈ ಅಳತೆಗೆ ಬರಲು ನಮ್ಮ ನೆಲದಲ್ಲಿ ಹದಿನೈದು ವರ್ಷವಾದರೂ ಬೇಕು. ಅರ್ಥಶಾಸ್ತ್ರ ಓದಿದ ವಿದ್ಯಾರ್ಥಿಗಳಿಗೆ ಗೊತ್ತಿರುತ್ತದೆ, ಮುಂದೆಂದೋ ಬರುವ ಲಾಭವನ್ನು ಇವತ್ತಿನ ಬೆಲೆಗೆ ಇಳಿಸಿ ನೋಡಬೇಕು. ವರ್ಷಕ್ಕೆ ಶೇ 8ರ ದರ ಹಿಡಿದರೆ ಹದಿನೈದು ವರ್ಷದ ಆಚೆಗಿನ ಒಂದು ರೂಪಾಯಿಯ ನೆರಳು ಇವತ್ತು 32 ಪೈಸೆಗೂ ಬಾಳುವುದಿಲ್ಲ. ಈ ಲೆಕ್ಕದಿಂದ ಮರ ನೆಡುವುದೇ ದಂಡ ಎಂದು ಕೆಲವರು ವಾದಿಸುತ್ತಾರೆ. ನನಗೆ ಅದು ಹೇಳುವುದು ಇನ್ನೊಂದು ಮಾತು: ಈಗಾಗಲೇ ನಿಂತಿರುವ ಮರ ಇವತ್ತೇ ಪೂರ್ತಿ ರೂಪಾಯಿ ಕೊಡುತ್ತಿದೆ. ಅದನ್ನು ಕಡಿದು ಬದಲಿಗೆ ಹತ್ತು ಸಸಿ ನೆಡುತ್ತೇವೆ ಎನ್ನುವುದು ನಗದು ಕೊಟ್ಟು ಹದಿನೈದು ವರ್ಷದ ವಾಯಿದೆ ಚೀಟಿ ಬರೆಸಿಕೊಂಡಂತೆ, ಅದೂ ಸಾಲಗಾರ ಬದುಕಿ ಉಳಿದರೆ ಮಾತ್ರ.

ಸಸಿ ಉಳಿಯುತ್ತದೆಯೇ ಎಂಬಲ್ಲಿಂದ ಖರ್ಚಿನ ಪುಟ ಶುರುವಾಗುತ್ತದೆ.

ಚಿತ್ತಾಪುರ, ಶಹಾಬಾದದ ಬೀದಿಯಲ್ಲಿ ಗುಂಡಿ ತೋಡುವುದನ್ನು ನಿಂತು ನೋಡಬೇಕು. ಮೊದಲು ಹಳೆಯ ಡಾಂಬರು, ಆಮೇಲೆ ಕಂಕರ್ ತುಂಬಿದ ಒಂದಡಿ ಮಣ್ಣು, ಆಮೇಲೆ ಹಾರೆ ಠಣ್ ಎನ್ನುತ್ತದೆ. ಕೆಳಗೆ ಪದರು ಪದರಾದ ಸುಣ್ಣದಕಲ್ಲು. ಗುತ್ತಿಗೆಯವನು ಅಲ್ಲಿಗೇ ನಿಲ್ಲಿಸಿ, ಪ್ಲಾಸ್ಟಿಕ್ ಚೀಲ ಪೂರ್ತಿ ಹರಿಯದೆಯೇ ಸಸಿ ಇಳಿಸಿ, ಮಣ್ಣು ಎಳೆದು ಫೋಟೊ ತೆಗೆಸುತ್ತಾನೆ. ಬೇರು ಕೆಳಗೆ ಹೋಗಲಾರದೆ ಸುತ್ತಿ ಸುತ್ತಿ ಗುಂಡಿಯೊಳಗೇ ಸಿಂಬೆಯಾಗುತ್ತದೆ. ಅಂಥ ಮರ ಆರೇಳು ವರ್ಷ ಹಸಿರಾಗಿ ನಿಂತು, ಒಂದು ಮೇ ತಿಂಗಳ ಗಾಳಿಮಳೆಗೆ ಬುಡಸಮೇತ ವಿದ್ಯುತ್ ಕಂಪನಿ ಜೆಸ್ಕಾಂನ ತಂತಿಯ ಮೇಲೆ ಬೀಳುತ್ತದೆ. ಸೇಡಂ ಕಡೆಯ ಎರೆಮಣ್ಣಿನದು ಬೇರೆ ತಾಪತ್ರಯ. ಬೇಸಿಗೆಯಲ್ಲಿ ಅಂಗೈ ಅಗಲ ಬಿರುಕು ಬಿಡುತ್ತದೆ. ಟ್ಯಾಂಕರಿನಿಂದ ಸುರಿದ ನೀರು ಬೇರಿನ ಬಳಿ ನಿಲ್ಲದೆ ಬಿರುಕಿನಲ್ಲಿ ಜಾರಿ ಕೆಳಗಿಳಿಯುತ್ತದೆ. ಬುಡಕ್ಕೆ ಕಬ್ಬಿನ ಸೋಗೆ, ಒಣಹುಲ್ಲು, ತೊಗರಿ ಹೊಟ್ಟು ಏನಾದರೂ ಮುಚ್ಚಿದರೆ ಅರ್ಧ ನೀರು ಉಳಿಯುತ್ತದೆ. ತೊಗರಿಯ ಕಣಜ ಎನಿಸಿಕೊಂಡ ಜಿಲ್ಲೆಯಲ್ಲಿ ಹೊಟ್ಟಿಗೆ ಬರವೇ?

ನೀರಿನ ಲೆಕ್ಕ ಹಾಕೋಣ. ಒಂದು ಸಸಿಗೆ ವಾರಕ್ಕೆ ಎರಡು ಸಲ ಹತ್ತು ಹತ್ತು ಲೀಟರ್. ಫೆಬ್ರುವರಿಯಿಂದ ಜೂನ್ ನಡುವಿನವರೆಗೆ ಇಪ್ಪತ್ತು ವಾರ. ಬೇಸಿಗೆಗೆ 400 ಲೀಟರ್. ಸಾವಿರ ಸಸಿಗೆ ನಾಲ್ಕು ಲಕ್ಷ ಲೀಟರ್, ಎಂದರೆ 5,000 ಲೀಟರಿನ ಟ್ಯಾಂಕರ್ 80 ಸಲ ಬರಬೇಕು. ಸಸಿ ತನ್ನ ಕಾಲ ಮೇಲೆ ನಿಲ್ಲಲು ಮೂರು ಬೇಸಿಗೆ ಬೇಕು. ಒಟ್ಟು 240 ಟ್ಯಾಂಕರ್. ಕುಡಿಯುವ ನೀರಿಗೇ ಜನ ಕೊಡ ಹಿಡಿದು ನಿಲ್ಲುವ ಏಪ್ರಿಲ್‌ನಲ್ಲಿ ಯಾವ ಮುಖ್ಯಾಧಿಕಾರಿ ಇದಕ್ಕೆ ಸಹಿ ಹಾಕುತ್ತಾನೆ? ಹಾಕಬಾರದು ಕೂಡ. ಆದ್ದರಿಂದಲೇ ಸಾವಿರ ಸಸಿಯ ಯೋಜನೆ ಎರಡನೆಯ ಬೇಸಿಗೆಯಲ್ಲಿ ಸದ್ದಿಲ್ಲದೆ ಸಾಯುತ್ತದೆ. ಅದೇ 200 ಸಸಿಯಾದರೆ ಬೇಸಿಗೆಗೆ 16 ಟ್ಯಾಂಕರ್. ಅದು ಯಾವ ಪುರಸಭೆಗೂ ಆಗದ ಮಾತಲ್ಲ. ನೂರು ನೆಟ್ಟು ಮೂವತ್ತು ಉಳಿದರೆ ಉಳಿದ ಒಂದೊಂದು ಮರದ ಖರ್ಚು ಮೂರು ಪಟ್ಟು ಮೀರುತ್ತದೆ ಎಂಬುದನ್ನು ನಮ್ಮ ಯಾವ ಬಿಲ್ಲೂ ತೋರಿಸುವುದಿಲ್ಲ. ಬಿಲ್ಲಿನಲ್ಲಿರುವುದು ನೆಟ್ಟ ಸಂಖ್ಯೆ.

ಇನ್ನು ಮರ ಬೆಳೆದ ಮೇಲಿನ ಖರ್ಚು. ಇದನ್ನು ಪರಿಸರದವರು ಮಾತಾಡುವುದೇ ಇಲ್ಲ, ನನಗೆ ಅದು ಸರಿಕಾಣದು. ಎಲೆ ಉದುರುವ ತಿಂಗಳಲ್ಲಿ ನಸುಕಿಗೆ ಎದ್ದು ಎರಡನೆಯ ಸಲ ಗುಡಿಸುವವರು ಪೌರಕಾರ್ಮಿಕರು. ಅದಕ್ಕೆ ಹೆಚ್ಚಿನ ಕೂಲಿ ಇಲ್ಲ. ಅರಳಿಯ ಬೇರು ಚರಂಡಿ ಒಡೆದರೆ ಕೊಳಚೆ ನುಗ್ಗುವುದು ಪಕ್ಕದ ಮನೆಯ ಪಡಸಾಲೆಗೆ. ಮಳೆಗಾಲಕ್ಕೆ ಮುಂಚೆ ಜೆಸ್ಕಾಂನವರು ಬಂದು ತಂತಿಯ ಕಡೆಯ ಕೊಂಬೆಗಳನ್ನಷ್ಟೇ ಸವರಿ ಹೋದರೆ ಮರ ಇನ್ನೊಂದು ಕಡೆ ವಾಲುತ್ತದೆ, ಅದರ ಹೆದರಿಕೆ ಆ ಕಡೆಯ ಮನೆಯವರಿಗೆ. ಬೋರ್ಡು ಮರೆಯಾದ ಅಂಗಡಿಯವನು ರಾತ್ರಿ ಬುಡಕ್ಕೆ ಏನೋ ಸುರಿಯುತ್ತಾನೆ. ಅವನನ್ನು ಬೈಯುವುದು ಸುಲಭ. ಆದರೆ ಲೆಕ್ಕ ನೋಡಿ: ಕಷ್ಟವೆಲ್ಲ ಮರದ ಮುಂದಿನ ಒಬ್ಬನಿಗೆ, ಸುಖವೆಲ್ಲ ಹಾದುಹೋಗುವ ನೂರು ಮಂದಿಗೆ. ನೂರು ಮಂದಿಯ ಪರವಾಗಿ ಆ ಒಬ್ಬನಿಗೆ ಏನಾದರೂ ಕೊಡಬೇಕಾದದ್ದು ಪುರಸಭೆ. ಮರ ಕಾಯ್ದ ಅಂಗಡಿಗೆ ಆಸ್ತಿ ತೆರಿಗೆಯಲ್ಲೋ ಲೈಸೆನ್ಸ್ ಶುಲ್ಕದಲ್ಲೋ ಸ್ವಲ್ಪ ಬಿಟ್ಟರೆ ಬುಡಕ್ಕೆ ಆ್ಯಸಿಡ್ ಬದಲು ಮುಸುರೆ ನೀರು ಬಿದ್ದೀತು.

ಈಗ ಸುಖದ ಹಂಚಿಕೆಯ ಇನ್ನೊಂದು ಮುಖ. ಕಾರ್ಖಾನೆಗಳಿಗೆ ಪರಿಸರ ಅನುಮತಿ ಕೊಡುವಾಗ ಜಾಗದ ಶೇ 33ರಷ್ಟನ್ನು ಹಸಿರು ಪಟ್ಟಿಯಾಗಿ ಬೆಳೆಸಬೇಕೆಂದು ಷರತ್ತು ಹಾಕುತ್ತಾರೆ. ನಮ್ಮ ಭಾಗದ ಕಾರ್ಖಾನೆಗಳ ಕಾಲೊನಿಗಳು ದೂರದಿಂದಲೇ ಹಸಿರಾಗಿ ಕಾಣುತ್ತವೆ. ಕಾಂಪೌಂಡಿನ ಒಳಗೆ ಸಾಲು ಮರ, ಕೊಳವೆಯಲ್ಲಿ ನೀರು, ಮಾಲಿಗಳು. ಕಾಂಪೌಂಡಿನ ಹೊರಗೆ, ಅದೇ ಗೇಟಿನ ಮುಂದೆ, ಪಾಳಿ ಬದಲಾಗುವ ಹೊತ್ತಿಗೆ ಕಾಯುವ ಗುತ್ತಿಗೆ ಕಾರ್ಮಿಕರಿಗೆ ಚಹಾದಂಗಡಿಯ ತಾಡಪತ್ರಿಯೇ ಗತಿ. ಷರತ್ತು ಪಾಲಿಸಿಲ್ಲ ಎಂದು ನಾನು ಹೇಳುತ್ತಿಲ್ಲ. ಷರತ್ತು ಬರೆದದ್ದೇ ಗೋಡೆಯ ಒಳಗಿನ ಜಾಗಕ್ಕೆ. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿಯಾಗಿ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಬಂದವು. ಗಣಿಯಿಂದ ಬಾಧಿತವಾದ ಊರುಗಳಿಗೆಂದೇ ಆ ಹಣ. ಕಲಬುರಗಿ ಜಿಲ್ಲೆಯಲ್ಲಿ ಸುಣ್ಣದಕಲ್ಲು ಕೊಟ್ಟು ಧೂಳು ಪಡೆದ ಊರುಗಳಲ್ಲಿ ಮೂರು ಬೇಸಿಗೆಯ ಟ್ಯಾಂಕರಿಗೆ ಅದಕ್ಕಿಂತ ನ್ಯಾಯವಾದ ಬಾಬತ್ತು ಇನ್ನೊಂದಿಲ್ಲ.

ಪಕ್ಕದ ಮನೆಯ ಅನುಭವವನ್ನೂ ನೋಡಬೇಕು. 1874ರಲ್ಲಿ ನಿಜಾಮನ ರೈಲು ವಾಡಿಯಿಂದ ಸಿಕಂದರಾಬಾದಿಗೆ ಹೊರಟಿತು. ಇವತ್ತಿಗೂ ಅದೇ ದಾರಿಯಲ್ಲಿ ಚಿತ್ತಾಪುರ, ಸೇಡಂ ದಾಟಿದರೆ ತಾಂಡೂರು. ಅದೇ ಕಲ್ಲು, ಅದೇ ತೊಗರಿ, ಅದೇ ಬಿಸಿಲು. ರಾಜ್ಯ ಮಾತ್ರ ಬೇರೆ. ತೆಲಂಗಾಣ 2015ರಲ್ಲಿ ಹರಿತ ಹಾರಂ ಎಂಬ ಸಸಿ ನೆಡುವ ಯೋಜನೆ ಶುರು ಮಾಡಿತು. 2019ರ ಪುರಸಭಾ ಕಾಯ್ದೆಯಲ್ಲಿ ಬಜೆಟ್ಟಿನ ಶೇ 10ನ್ನು ಹಸಿರಿಗೆ ಮೀಸಲಿಟ್ಟು, ನೆಟ್ಟದ್ದರಲ್ಲಿ ಶೇ 85 ಬದುಕಬೇಕು ಎಂದು ಚುನಾಯಿತರ ಮೇಲೇ ಹೊಣೆ ಹಾಕಿತು. ನೆಟ್ಟದ್ದನ್ನಲ್ಲ, ಉಳಿದದ್ದನ್ನು ಎಣಿಸುವ ಈ ಮಾತು ನನಗೆ ಬಹಳ ಹಿಡಿಸಿತು. ಆದರೆ ಶೇ 85 ಉಳಿಯಲೇಬೇಕು ಎಂದಾಗ ಜನ ಏನು ನೆಡುತ್ತಾರೆ? ಯಾವುದು ಸಾಯುವುದಿಲ್ಲವೋ ಅದನ್ನು. ರಸ್ತೆ ಪಕ್ಕ, ವಿಭಜಕಗಳ ಮೇಲೆ ಕೊನೊಕಾರ್ಪಸ್ ಗಿಡ ಎಲ್ಲೆಡೆ ಬಂತು. ದನ ತಿನ್ನದು, ಬೇಗ ಬೆಳೆಯುತ್ತದೆ, ವರ್ಷವಿಡೀ ಹಸಿರು. ಕೊಳವೆಗಳಿಗೆ ನುಗ್ಗುವ ಬೇರು, ಪರಾಗದ ದೂರುಗಳು ಆಮೇಲೆ ಬಂದವು. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು, ತೆಲಂಗಾಣವೂ ಕೈಬಿಟ್ಟಿತು. ಆ ಗಿಡವನ್ನು ಕಂಬದಂತೆ ನೇರವಾಗಿ ಕತ್ತರಿಸಿ ನಿಲ್ಲಿಸುತ್ತಾರೆ. ಅದರ ನೆರಳಿನಲ್ಲಿ ಒಂದು ಆಡು ಸಹ ಮಲಗಲಾರದು. ಹೀಗಾಗಿ ಉಳಿದ ಮರ ಎಣಿಸಿದರೂ ಸಾಲದು, ಅದರ ಕೆಳಗೆ ಎಷ್ಟು ನೆರಳಿದೆ ಎಂದೂ ಅಳೆಯಬೇಕು.

ಯಾವ ತಿಂಗಳಲ್ಲಿ ನೆರಳಿದೆ ಎಂಬುದೂ ಲೆಕ್ಕಕ್ಕೆ ಬರಬೇಕು. ಗುಲ್‌ಮೊಹರ್ ಮೇ ತಿಂಗಳಲ್ಲಿ ಕೆಂಪಗೆ ಅರಳಿ ಫೋಟೊಗೆ ಚೆಂದ. ಮಾರ್ಚ್, ಏಪ್ರಿಲ್‌ನಲ್ಲಿ ಅದು ಬೋಳು, ನಮಗೆ ನೆರಳು ಬೇಕಾದದ್ದು ಆಗಲೇ. ತೇಗದ್ದೂ ಅದೇ ಕತೆ. ಬೇವು ಯುಗಾದಿಯ ಹೊತ್ತಿಗೆ ಚಿಗುರಿ ಬಿಸಿಲು ಏರುವಷ್ಟರಲ್ಲಿ ತುಂಬಿಕೊಳ್ಳುತ್ತದೆ. ಹೊಂಗೆ ಏಪ್ರಿಲ್‌ನಲ್ಲಿ ಹಸಿರು ಕೊಡೆ. ಹುಣಸೆ ನಿಧಾನ, ಆದರೆ ಮೊಮ್ಮಕ್ಕಳ ಕಾಲಕ್ಕೂ ನಿಲ್ಲುತ್ತದೆ. ಆಲ, ಅರಳಿ, ಬಸರಿಗಳಿಗೆ ಬಯಲು ಬೇಕು: ಬಸ್ ನಿಲ್ದಾಣದ ಹಿಂಬದಿ, ಸಂತೆಕಟ್ಟೆ, ಎಪಿಎಂಸಿ ಅಂಗಳ. ಎಲ್ಲ ಕಡೆ ಬೇವನ್ನೇ ನೆಡಿ ಎಂದೂ ಹೇಳಲಾರೆ. ಇತ್ತೀಚಿನ ವರ್ಷಗಳಲ್ಲಿ ತುದಿ ಒಣಗುವ ರೋಗ ತೆಲಂಗಾಣದಲ್ಲೂ ನಮ್ಮಲ್ಲೂ ಬೇವನ್ನು ಕಾಡಿದೆ. ಸಾಲಿನಲ್ಲಿ ಮೂರ್ನಾಲ್ಕು ಜಾತಿ ಬೆರೆಸಿದರೆ ಒಂದು ಬೇನೆ ಇಡೀ ಬೀದಿಯನ್ನು ಬೋಳು ಮಾಡದು.

ದಾರಿಗೆ ನೆರಳು ಮಾಡುವುದು ರಾಜ್ಯದ ಕೆಲಸ ಎಂಬ ಭಾವನೆ ಇಂದಿನದಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಅಶೋಕನ ಶಾಸನ ಸಿಕ್ಕಿತು, ಪಕ್ಕದ ಕನಗನಹಳ್ಳಿಯಲ್ಲಿ ಅವನ ಹೆಸರು ಕೆತ್ತಿದ ಶಿಲ್ಪವೇ ಸಿಕ್ಕಿತು. ದಾರಿಯ ಪಕ್ಕ ಮರ ನೆಡಿಸಿ, ಬಾವಿ ತೋಡಿಸಿದೆ ಎಂದು ಅವನು ಹೇಳಿಕೊಂಡದ್ದು ಎರಡನೆಯ ಬಂಡೆಶಾಸನದಲ್ಲಿ. ಸನ್ನತಿಯ ಕಲ್ಲಿನಲ್ಲಿ ಉಳಿದಿರುವುದು 12 ಮತ್ತು 14ನೆಯದು, ಜೊತೆಗೆ ಎರಡು ಪ್ರತ್ಯೇಕ ಶಾಸನಗಳು; ಮರದ ಮಾತು ಅಲ್ಲಿಲ್ಲ. ಭಾಷಣಕಾರರು ಇದನ್ನು ಬೆರೆಸಿ ಹೇಳುವುದುಂಟು, ಅದಕ್ಕೇ ಹೇಳಿದೆ. ನನಗೆ ಹಿಡಿಸುವುದು ಅವನು ಮರ ಮತ್ತು ಬಾವಿಯನ್ನು ಜೊತೆಯಲ್ಲಿಟ್ಟದ್ದು. ನೀರಿಲ್ಲದ ಮರದ ಯೋಜನೆ ಅವನದಲ್ಲ.

ನೀರು ಹೊತ್ತವರೆಂದರೆ ಸಾಲುಮರದ ತಿಮ್ಮಕ್ಕ. ಹುಲಿಕಲ್ಲು-ಕುದೂರು ನಡುವಿನ ನಾಲ್ಕು ಕಿಲೋಮೀಟರಿನಲ್ಲಿ ಗಂಡ ಚಿಕ್ಕಯ್ಯನ ಜೊತೆ ಅವರು ಬೆಳೆಸಿದ ಆಲದ ಮರಗಳು ನಾನೂರಕ್ಕೆ ಸ್ವಲ್ಪ ಕಡಿಮೆ. ಅವರ ಹೆಸರಿನಲ್ಲಿ ನೆಡುವವರೆಲ್ಲ ನೆಡುವುದನ್ನು ನೆನೆಯುತ್ತಾರೆ, ಕೊಡ ಹೊತ್ತ ಬೇಸಿಗೆಗಳನ್ನು ಮರೆಯುತ್ತಾರೆ. 2019ರಲ್ಲಿ ರಸ್ತೆ ಅಗಲೀಕರಣ ಆ ಮರಗಳ ಹತ್ತಿರ ಬಂದಾಗ ಪದ್ಮಶ್ರೀ ಪಡೆದ ಅಜ್ಜಿ ಮುಖ್ಯಮಂತ್ರಿಯವರೆಗೂ ಹೋಗಿ ಕೇಳಿಕೊಳ್ಳಬೇಕಾಯಿತು. ಸೇಡಂ-ಚಿಂಚೋಳಿ ರಸ್ತೆಯ ಹಳೆಯ ಹುಣಸೆಗೆ ಅಂಥ ಅಜ್ಜಿ ಇಲ್ಲ.

ಇದೆಲ್ಲ ಲೆಕ್ಕ ಹಾಕಿದ ಮೇಲೆ ನನಗೆ ಅನಿಸುವುದು ಇಷ್ಟು. ಮೊದಲ ಹಣ ಇರುವ ಮರಕ್ಕೆ ಹೋಗಬೇಕು. ಬುಡದವರೆಗೂ ಹಾಕಿದ ಕಾಂಕ್ರೀಟನ್ನು ಒಂದು ಮೀಟರ್ ಬಿಡಿಸಬೇಕು. ದೆಹಲಿಯಲ್ಲಿ ಹಾಗೆ ಬಿಡಿಸಿ ಎಂದು ಹಸಿರು ನ್ಯಾಯಮಂಡಳಿ 2013ರಲ್ಲೇ ಹೇಳಿದೆ. ಇದಕ್ಕೆ ಬೇಕಾದದ್ದು ಒಬ್ಬ ಕೂಲಿಯಾಳು, ಒಂದು ಹಾರೆ, ಅರ್ಧ ದಿನ. ಎರಡನೆಯ ಹಣ ಜನ ನಿಲ್ಲುವ ಜಾಗಕ್ಕೆ ಹೋಗಬೇಕು: ಟಂಟಂ ಸ್ಟ್ಯಾಂಡ್, ಆಸ್ಪತ್ರೆಯ ಗೇಟು, ರೇಷನ್ ಅಂಗಡಿ, ವಾಡಿ ಸ್ಟೇಷನ್ನಿನ ಹೊರಾಂಗಣ, ಕಾರ್ಖಾನೆಯ ಗೇಟು. ಯಾರೂ ನಡೆಯದ ಬೈಪಾಸಿನ ವಿಭಜಕಕ್ಕೆ ಅಲ್ಲ. ಶಹಾಬಾದದ ಹಳೆಯ ಓಣಿಗಳಲ್ಲಿ, 11 ಕೆವಿ ತಂತಿಯ ಕೆಳಗೆ ಮರ ನೆಡಲೇಬಾರದು. ಅಲ್ಲಿ ಚಪ್ಪರ, ಹಸಿರು ಬಲೆ, ಮಾಳಿಗೆಗೆ ಸುಣ್ಣ ಸಾಕು. ಹೀಗೆ ಹೇಳಿದರೆ ಪರಿಸರ ವಿರೋಧಿ ಎನ್ನುತ್ತಾರೆ, ಅನ್ನಲಿ. ಚಿಂಚೋಳಿಯವರು ಸ್ವಲ್ಪ ಅದೃಷ್ಟವಂತರು. 2011ರಲ್ಲಿ ವನ್ಯಜೀವಿಧಾಮವಾದ 134 ಚದರ ಕಿಲೋಮೀಟರಿನ ಕಾಡು ಪಕ್ಕದಲ್ಲಿದೆ. ಅವರ ಊರಿನ ಬೀದಿಗೆ ಮರ ಬೇಕೇ ಬೇಕು, ಆದರೆ ಅದಕ್ಕಿಂತ ದೊಡ್ಡ ಕೆಲಸ ಅವರಿಂದ ಆಗಬಹುದು: ಈ ಬಿಸಿಲಿಗೆ, ಈ ನೆಲಕ್ಕೆ ಹುಟ್ಟಿನಿಂದ ಒಗ್ಗಿದ ಮರಗಳ ಬೀಜ ಅಲ್ಲಿಂದ ಸಂಗ್ರಹವಾಗಿ, ಆಳೆತ್ತರದ ಸಸಿಯಾಗುವವರೆಗೆ ನರ್ಸರಿಯಲ್ಲಿ ಬೆಳೆದು ಉಳಿದ ನಾಲ್ಕು ಊರಿಗೆ ಬರಬೇಕು. ಬೆಂಗಳೂರಿನಲ್ಲಿ 1980ರ ದಶಕದಲ್ಲಿ ಲಕ್ಷಗಟ್ಟಲೆ ಬೀದಿ ಮರ ಬೆಳೆಸಿದ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಎತ್ತರದ ಸಸಿ, ಗಟ್ಟಿ ಬೇಲಿ ಎರಡನ್ನೂ ಬಿಡಲಿಲ್ಲ. ಮೊಣಕಾಲೆತ್ತರದ ಸಸಿ ನೆಡುವುದು ಊರಿನ ಆಡುಗಳಿಗೆ ಮೇವು ಹಾಕಿದಂತೆಯೇ.

ಕೊನೆಯದಾಗಿ ಪುರಸಭೆಯವರಿಗೆ ಒಂದು ಕೋರಿಕೆ. ಕೇಂದ್ರ ಸಚಿವರಾಗಿದ್ದ ಕೆ.ಎಂ. ಮುನ್ಷಿಯವರು 1950ರಲ್ಲಿ ವನಮಹೋತ್ಸವ ಶುರು ಮಾಡಿದಾಗಿನಿಂದ ಜುಲೈ ಮೊದಲ ವಾರ ನೆಡುವ ವಾರವಾಗಿದೆ. ನಮ್ಮ ಸಭೆಗಳು ಜೂನ್ ಕೊನೆಗೆ ನಡೆಯುತ್ತವೆ, ಗುಂಡಿ ಮಳೆಯಲ್ಲಿ ಅವಸರವಾಗಿ ತೋಡುತ್ತಾರೆ. ಆ ಸಭೆ ಜನವರಿಯಲ್ಲಿ ನಡೆಯಲಿ. 1976ರ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ಊರೊಳಗೆ ಮರ ಕಡಿಯಲು ಅನುಮತಿ ಕೊಡುವ ವೃಕ್ಷ ಅಧಿಕಾರಿ, ಜೆಸ್ಕಾಂನ ಸೆಕ್ಷನ್ ಆಫೀಸರ್, ಲೋಕೋಪಯೋಗಿ ಇಲಾಖೆಯ ಎಂಜಿನಿಯರ್, ನೀರು ಸರಬರಾಜಿನವರು, ಪೌರಕಾರ್ಮಿಕರ ಒಬ್ಬ ಮೇಸ್ತ್ರಿ, ಇಷ್ಟು ಜನ ಒಂದೇ ಮೇಜಿನ ಸುತ್ತ ಕೂಡಲಿ. ಮುಂದಿನ ಐದು ವರ್ಷದಲ್ಲಿ ಯಾವ ರಸ್ತೆ ಅಗಲವಾಗಲಿದೆ, ಎಲ್ಲಿ ಕೊಳವೆ ಹೋಗಲಿದೆ ಎಂದು ಎಂಜಿನಿಯರ್ ನಕ್ಷೆ ಇಡಲಿ; ಅಲ್ಲಿ ನೆಡುವುದು ಬೇಡ. ಫೆಬ್ರುವರಿಯಲ್ಲಿ ಮೂರಡಿ ಆಳದ ಗುಂಡಿ ತೋಡಿ, ಕಲ್ಲು ಸಿಕ್ಕರೆ ಡ್ರಿಲ್ ಹಾಕಿ ಒಡೆದು, ಬೇಸಿಗೆಯೆಲ್ಲ ಬಿಸಿಲಿಗೆ ಬಿಟ್ಟು, ಮೊದಲ ಮಳೆ ನೆಲಕ್ಕೆ ಇಳಿದ ಮೇಲೆ ಸಸಿ ಇಡಲಿ. ರಿಜಿಸ್ಟರಿನಲ್ಲಿ ಪ್ರತಿ ಮರಕ್ಕೂ ಒಂದು ಸಾಲು, ಮೂರು ಬೇಸಿಗೆಗೆ ಮೂರು ಕಾಲಂ. ಗುತ್ತಿಗೆದಾರನಿಗೆ ಅರ್ಧ ಹಣ ನೆಟ್ಟಾಗ, ಉಳಿದರ್ಧ ಮೂರನೆಯ ಕಾಲಂ ತುಂಬಿದ ಮೇಲೆ. ಟೆಂಡರ್ ಷರತ್ತಿನಲ್ಲಿ ಈ ಒಂದು ಸಾಲು ಸೇರಿಸಲು ಬೆಂಗಳೂರಿನ ಅಪ್ಪಣೆ ಕಾಯಬೇಕಿಲ್ಲ, ಪುರಸಭೆಯ ಸಾಮಾನ್ಯ ಸಭೆಯ ಒಂದು ಠರಾವು ಸಾಕು.